ಬೆಳ್ಳಿಯ ಸೋಯಾ ಪಥ್ಯ

ಈ ಸಲ ಕೋಳಿ ಪ್ರದರ್ಶನದ ಮೊದಲ ಬಹುಮಾನ ನಮ್ಮ ಮನೆಗೇ, ತರುವವನು ನಾನೇ ಎಂದು ಊಟದ ಮೇಜು ಗುದ್ದಿ ಘೋಷಿಸಿದೆ! ನೀರಿನ ಲೋಟ ಉರುಳಿತು.

“ಪ್ರದರ್ಶನಕ್ಕೆ ಹೋಗೋದು ನನ್ನ ಬೆಳ್ಳಿ ರೀ, ನೀವಲ್ಲ,” ಎಂದಳು ಹೆಂಡತಿ, ಮೇಜು ಒರೆಸುತ್ತಾ.

ಬೆಳ್ಳಿ ಎಂದರೆ ಅವಳ ಬಿಳಿ ಹೇಂಟೆ. ಮರಿಯಾಗಿದ್ದಾಗಿನಿಂದ ಅಂಗೈಯಲ್ಲಿಟ್ಟು ಸಾಕಿದ್ದಾಳೆ. ಕಳೆದ ವರ್ಷ ಗೆದ್ದದ್ದು ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರರ ಕೋಳಿ. ಅವರು ಆ ಟ್ರೋಫಿಯನ್ನು ನಮ್ಮ ಅಡುಗೆಮನೆ ಕಿಟಕಿಗೆ ನೇರವಾಗಿ ಕಾಣುವಂತೆ ಇಟ್ಟಿದ್ದಾರೆ. ಅಂದಿನಿಂದ ಇವಳು ಪಾತ್ರೆ ತೊಳೆಯುವಾಗ ಪಾತ್ರೆಗಿಂತ ಹಲ್ಲು ಕಡಿಯುವ ಸದ್ದೇ ಜಾಸ್ತಿ.

ನಾನೇನು ಸಾಮಾನ್ಯನೇ? ಪಶು ಆಹಾರ ಕಾರ್ಖಾನೆಯ ಪೌಷ್ಟಿಕ ತಜ್ಞ! ಯಾವ ಕಾಳಿನಲ್ಲಿ ಎಷ್ಟು ಪ್ರೋಟೀನು ಎಂದು ನಿದ್ದೆಯಲ್ಲೂ ಹೇಳಬಲ್ಲೆ. ಆದರೂ ಹಿತ್ತಲ ಗಿಡ ಮದ್ದಲ್ಲ ನೋಡಿ, ಮನೆಯಲ್ಲಿ ನನ್ನನ್ನು ಕೇಳುವವರೇ ಇರಲಿಲ್ಲ.

“ಸೋಯಾ! ಕಾಳುಗಳ ಚಕ್ರವರ್ತಿ!” ಎನ್ನುತ್ತಾ ಅಂಗಡಿಯಿಂದ ಚೀಲ ಹೊತ್ತು ತಂದು, ಮಿಕ್ಸಿಯಲ್ಲಿ ಪುಡಿ ಮಾಡಿ, ಬೆಳ್ಳಿಯ ತಟ್ಟೆಗೆ ಸುರಿದೆ. ಮಿಕ್ಸಿ ಹೊಗೆ ಉಗುಳಿ ಪ್ರಾಣ ಬಿಟ್ಟಿತು. ವಿಜ್ಞಾನಕ್ಕೆ ಬಲಿದಾನ ಬೇಕಲ್ಲ!

ವಾರ ಕಳೆಯಿತು. ಬೆಳ್ಳಿ ಮೊಟ್ಟೆ ಇಡುವುದನ್ನು ನಿಲ್ಲಿಸಿತು. ಮೈ ಇಳಿಯಿತು. ಹಿತ್ತಲ ಕಲ್ಲುಹಾಸಿನ ಸ್ಥಿತಿಯನ್ನು ಸಭ್ಯ ಓದುಗರ ಮುಂದೆ ವರ್ಣಿಸಲಾರೆ.

“ರೀ, ಇದಕ್ಕೇನೋ ಆಗಿದೆ. ಮೊದಲಿನ ಜೋಳಾನೇ ಹಾಕ್ತೀನಿ.”

“ಪ್ರೋಟೀನು ಸಾಲ್ತಿಲ್ಲ ಕಣೇ!” ಎಂದು ದುಪ್ಪಟ್ಟು ಸುರಿದೆ.

“ನೀವು ಅಷ್ಟೊಂದು ಓದಿರೋದು ಅದಕ್ಕೆ ಗೊತ್ತಿಲ್ಲ ರೀ, ಪಾಪ.”

ಪ್ರದರ್ಶನದ ದಿನ ಬೇರೆ ಕೋಳಿಗಳು ಎದೆಯುಬ್ಬಿಸಿ ನಿಂತಿದ್ದರೆ ನಮ್ಮದು ಹಿಂಡಿಟ್ಟ ಬಟ್ಟೆಯಂತೆ ಮುದುಡಿ ಕೂತಿತ್ತು. ತೀರ್ಪುಗಾರರಾಗಿ ಬಂದಿದ್ದ ಪಶುವೈದ್ಯರು ಎತ್ತಿ, ಎದೆಯ ಮೂಳೆ ಮುಟ್ಟಿ ನೋಡಿದರು.

“ಏನು ತಿನ್ನಿಸ್ತಿದ್ರಮ್ಮಾ?”

“ಸೋಯಾ ಕಾಳಿನ ಪುಡಿ.”

“ಹುರಿದಿದ್ರಾ, ಬೇಯಿಸಿದ್ರಾ?”

ಹೆಂಡತಿ ನನ್ನನ್ನು ನೋಡಿದಳು. “ಹಸೀದು...” ಎಂದೆ, ಗಂಟಲೊಳಗೇ.

“ಅಯ್ಯೋ! ಹಸಿ ಸೋಯಾ ತಾನೂ ಜೀರ್ಣ ಆಗಲ್ಲ, ಬೇರೇದನ್ನೂ ಸರಿಯಾಗಿ ಜೀರ್ಣ ಆಗೋಕೆ ಬಿಡಲ್ಲ. ಬಿಸಿ ತಾಗಿದ ಮೇಲೇನೇ ಅದರ ಪ್ರೋಟೀನು ಮೈಗೆ ಹತ್ತೋದು!”

ಇದನ್ನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ! ಆದರೆ ಕಾರ್ಖಾನೆಗೆ ಸೋಯಾ ಬರುವುದೇ ಎಣ್ಣೆ ತೆಗೆದು, ಬಿಸಿಮಾಡಿ ಹದಗೊಳಿಸಿದ ಹಿಂಡಿಯಾಗಿ. ಇಷ್ಟು ವರ್ಷ ಬರೀ ಪ್ರೋಟೀನಿನ ಅಂಕಿ ನೋಡಿ ನೋಡಿ, ಹಸಿ ಕಾಳು ಎಂಬುದೊಂದು ಇದೆ ಎನ್ನುವುದೇ ಮರೆತುಹೋಗಿತ್ತು.

ಬೆಳ್ಳಿಯನ್ನು ಎದೆಗವಚಿಕೊಂಡ ಹೆಂಡತಿಯ ಕಣ್ಣು ತುಂಬಿತ್ತು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

“ಜೀವಕ್ಕೇನೂ ಭಯ ಇಲ್ಲಮ್ಮಾ, ಮೇವು ಬದಲಿಸಿ, ಚೇತರಿಸಿಕೊಳ್ಳುತ್ತೆ,” ಎಂದು ಡಾಕ್ಟರು ಸಮಾಧಾನ ಹೇಳಿದರು. “ಆದರೆ ಇನ್ಮೇಲೆ ಹೀಗೆ ಸ್ವಂತ ಬುದ್ಧಿ ಓಡಿಸಬೇಡಿ. ಇಲ್ಲೇ ಪಶು ಆಹಾರದ ಕಾರ್ಖಾನೇಲಿ ಯಾರೋ ದೊಡ್ಡ ತಜ್ಞರಿದ್ದಾರಂತೆ. ಅವರನ್ನ ಒಂದು ಮಾತು ಕೇಳಿ.”

ಹೆಂಡತಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

“ಕೇಳಿಯೇ ಹೀಗಾಗಿದ್ದು, ಡಾಕ್ಟ್ರೇ!”