ಬರಿಗೈಯಲ್ಲಿ ರ್ಮಿಲಾತಿಗೆ

ಮದುವೆಯಾಗಿ ಮೂರು ವರ್ಷದಲ್ಲಿ ಉಮೈಮಾ ಟ್ಯಾಂಜಿಯರಿನ ಅಂಚಿನಲ್ಲಿರುವ ರ್ಮಿಲಾತ್ ವನಕ್ಕೆ ಹನ್ನೊಂದು ಸಲ ಹೋಗಿದ್ದಳು. ಹನ್ನೊಂದು ಸಲವೂ ಬಾಗಿಲ ಬಳಿಯ ನೀಲಗಿರಿ ಮರದ ಬುಡದಲ್ಲೇ ಕೂತು ಎದ್ದು ಬಂದಿದ್ದಳು. ಕಾರಣ, ಅತ್ತೆ ಲಲ್ಲಾ ರಹೀಮೊ ಅವರ ದಂಡಯಾತ್ರೆ: ಕಂಬಳಿ, ಇದ್ದಿಲೊಲೆ, ಮಣ್ಣಿನ ತಾಜಿನ್ ಪಾತ್ರೆ, ಚಹದ ತಟ್ಟೆ, ಹನ್ನೆರಡು ಲೋಟ, ತೋಳುಗಾತ್ರದ ಪುದೀನ ಕಟ್ಟು. (ಒಮ್ಮೆ ಹಾಸಿಗೆಯೂ ಬಂದಿತ್ತು. ಆ ವಿಷಯ ಬೇಡ.) ಇಷ್ಟನ್ನೂ ಇಳಿಸಿ, ಬೇಯಿಸಿ, ತಿಂದು, ತೊಳೆದು ಕಟ್ಟುವಷ್ಟರಲ್ಲಿ ಸೂರ್ಯನಿಗೇ ನಿದ್ದೆ ಬಂದಿರುತ್ತಿತ್ತು.

ಆ ವನದೊಳಗೆ ಒಂದು ಕಾಲುದಾರಿಯಿದೆ. ಪೈನ್ ಮರಗಳ ನಡುವೆ ಅರ್ಧ ಗಂಟೆ ನಡೆದರೆ ಕೊನೆಯ ತಿರುವು; ಅಲ್ಲಿ ಮರಗಳೆಲ್ಲ ಸರಕ್ಕನೆ ಪಕ್ಕಕ್ಕೆ ಸರಿದು, ಕೆಳಗೆ ಸಮುದ್ರ, ಆಚೆಗೆ ಸ್ಪೇನಿನ ಬೆಟ್ಟ. ಹುಡುಗಿಯಾಗಿದ್ದಾಗ ಅಲ್ಲಿ ಗಂಟೆಗಟ್ಟಲೆ ನಿಂತವಳು ಉಮೈಮಾ. ಈಗ ಅಡುಗೆಮನೆಯ ಕಿಟಕಿಯಿಂದ ಕಾಣುವುದು ಎದುರುಮನೆಯವರು ಒಣಹಾಕಿದ ಚಾದರ. ಗಾಳಿಗೆ ಅದು ಉಬ್ಬಿದಾಗ ಹಾಯಿಯೇನೋ ಅನ್ನಿಸಿ, ಪಾತ್ರೆ ತಿಕ್ಕುವ ಕೈ ಹಾಗೇ ನಿಂತುಬಿಡುತ್ತಿತ್ತು. ಮಗು ಹುಟ್ಟಿದಾಗ ಬಿಟ್ಟಿದ್ದ ಬಟ್ಟೆ ಕಾರ್ಖಾನೆಯ ಕೆಲಸಕ್ಕೆ ನಾಳೆಯಿಂದ ಮರಳಬೇಕು. ಅಲ್ಲಿ ಚಾದರವೂ ಕಾಣದು. ಯಾರೂ ಕರೆಯದ ಐದೇ ಐದು ನಿಮಿಷ ಆ ತಿರುವಿನಲ್ಲಿ ನಿಂತುಬಿಟ್ಟರೆ ಸಾಕು ಎಂದು ಜೀವ ತಹತಹಿಸುತ್ತಿತ್ತು.

ಆಗ ಹೊಳೆಯಿತು ಮಹಾ ಉಪಾಯ.

"ಅನ್ವಾರ್, ಈ ಸಲ ಏನೂ ಹೊರೋದು ಬೇಡ. ಒಂದು ಬಾಟ್ಲಿ ನೀರು, ನೀನು, ನಾನು, ಮಗು. ಅಷ್ಟೇ."

"ಚಹ?" ಗಂಡನ ದನಿ ನಡುಗಿತು.

"ಮನೇಗೆ ಬಂದು ಕುಡಿ."

ಅತ್ತೆ ಎದೆ ಹಿಡಿದುಕೊಂಡರು. "ಬರಿಗೈಲಿ ರ್ಮಿಲಾತಿಗಾ? ರಹೀಮೊ ಸೊಸೆಗೆ ಒಂದು ಲೋಟಕ್ಕೂ ಗತಿಯಿಲ್ಲ ಅಂತಾರೆ ಕಣೇ ಜನ! ನಾನಂತೂ ಬರಲ್ಲಮ್ಮ."

ಉಮೈಮಾ ಮುಖ ಸಣ್ಣದು ಮಾಡಿಕೊಂಡಳು. (ಬೇಕಾಗಿದ್ದೂ ಅದೇ. ಆದರೆ ಸೊಸೆಯಾದವಳಿಗೆ ಇಷ್ಟಾದರೂ ನಟನೆ ಬರಬೇಕು.)

ಮಗು ಇಯಾದನನ್ನು ಬೆನ್ನಿಗೆ ಕಟ್ಟಿಕೊಂಡು ದಾರಿಗಿಳಿದು ನೂರು ಹೆಜ್ಜೆ ಆಗಿರಲಿಲ್ಲ. "ಬಿಸ್ಮಿಲ್ಲಾ! ಬನ್ನಿ, ಬನ್ನಿ!" ಎಂದು ಪಕ್ಕದ ಕಂಬಳಿಯಿಂದ ದಪ್ಪನೆಯ ಹೆಂಗಸೊಬ್ಬಳು ಕೂಗಿದಳು. ಉಣ್ಣುವವರು ದಾರಿಹೋಕರನ್ನು ಕರೆಯಬೇಕು. ದಾರಿಹೋಕರು ಎದೆಗೆ ಕೈಯಿಟ್ಟು "ನಿಮಗೆ ಒಳ್ಳೇದಾಗ್ಲಿ" ಎಂದು ಮುಂದೆ ಹೋಗಬೇಕು. ಅಲ್ಲಿಗೆ ಮುಗಿಯಿತು. ಆದರೆ ಕೈಯಲ್ಲಿ ನಿಮ್ಮದೇ ಬುಟ್ಟಿಯಿದ್ದರೆ ಮಾತ್ರ ಅಲ್ಲಿಗೆ ಮುಗಿಯುವುದು ಎಂಬುದು ಉಮೈಮಾಳಿಗೆ ಗೊತ್ತೇ ಇರಲಿಲ್ಲ.

"ನಿಮ್ ಬುಟ್ಟಿ ಎಲ್ಲಿ?"

"ತಂದಿಲ್ಲ ಚಿಕ್ಕಮ್ಮ. ಸುಮ್ನೆ ನಡೆಯೋಕೆ ಬಂದ್ವಿ."

"ನಡೆಯೋಕಂತೆ!" ಆಕೆ ಗಂಡನತ್ತ ತಿರುಗಿದಳು. "ಕೇಳಿದ್ರಾ? ಪಾಪ, ಮಾನವಂತರು, ಬಾಯಿಬಿಟ್ಟು ಹೇಳಲ್ಲ. ಮೇಲೆ ಎಳೇ ಮಗು ಬೇರೆ. ಅಲ್ಲಾಣೆ, ತಿನ್ನದೆ ಹೋದ್ರೆ ನನ್ನ ಹೆಣ ದಾಟಿದ ಹಾಗೆ!"

ಆಣೆ ದಾಟುವ ಕಾಲು ಆ ಊರಿನಲ್ಲಿ ಇನ್ನೂ ಹುಟ್ಟಿಲ್ಲ. ಕೂತರು. ಆಲಿವ್ ಹಾಕಿದ ಕೋಳಿ, ಮೂರು ಲೋಟ ಚಹ. ಅನ್ವಾರ್ ಹೋದ ಜೀವ ಬಂದವನಂತೆ ತಿಂದ. ಎದ್ದು ಐವತ್ತು ಹೆಜ್ಜೆ ಇಡುವಷ್ಟರಲ್ಲಿ ಮುಂದಿನ ಕಂಬಳಿ. ಅಷ್ಟರಲ್ಲಿ ಸುದ್ದಿ ಇವರಿಗಿಂತ ಮೊದಲೇ ಬೆಟ್ಟ ಹತ್ತಿತ್ತು: "ಬುಟ್ಟಿಯಿಲ್ಲದೋರು ಬಂದ್ರು, ಜಾಗ ಬಿಡಿ!" ಒಬ್ಬರು ಮೀನು ಹುರಿದು ಕೊಟ್ಟರು, ಇನ್ನೊಬ್ಬರು ರೊಟ್ಟಿಯ ಗಂಟು ಕಟ್ಟಿದರು, ಮತ್ತೊಬ್ಬರು ಚಹದ ಫ್ಲಾಸ್ಕನ್ನೇ ಲೋಟಗಳ ಸಮೇತ ದಾನ ಮಾಡಿದರು. ಬೇಡವೆಂದರೆ ಬಡವರ ಬಿಂಕ, ತೆಗೆದುಕೊಂಡರೆ ಬಡವರ ಹಸಿವು. ಅಂತೂ ಬಡತನ ಕಾಯಂ.

"ಬೇಗ ನಡಿ, ಹೊತ್ತು ಇಳೀತಿದೆ!"

"ಹೊಟ್ಟೆ ಬಿಡಬೇಕಲ್ಲ ಮಾರಾಯ್ತಿ!"

ಕೊನೆಯ ತಿರುವು ಇನ್ನೊಂದು ಕೂಗಳತೆ ದೂರವಿತ್ತು. ಉಪ್ಪುಗಾಳಿ ಮುಖಕ್ಕೆ ತಾಗಿತು. ಅಷ್ಟರಲ್ಲಿ ಅನ್ವಾರ್ ಬಂಡೆಯ ಮೇಲೆ ಕುಸಿದ. ಅಳುವ ಮಗುವಿಗೆಂದು ರೊಟ್ಟಿಯ ಗಂಟು ಬಿಚ್ಚಿದ. ಹಿಂದಿನಿಂದ ದಡದಡ ಹೆಜ್ಜೆ. ಸೊಂಟದಲ್ಲಿ ಕೂಸು ಹೊತ್ತ ಹುಡುಗಿಯೊಬ್ಬಳು, ಒಬ್ಬಳೇ, ಬೆವರುತ್ತ ಬಂದಳು. ಅವಳ ಕಣ್ಣು ತಿರುವಿನ ಮೇಲೇ ಇತ್ತು. ಆ ಅವಸರ ಯಾವುದೆಂದು ಉಮೈಮಾಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ದಾರಿ ಬಿಟ್ಟು ಸರಿದು ನಿಂತಳು. ಆದರೆ ಎದುರಿಗೆ ರೊಟ್ಟಿ ಬಿಚ್ಚಿದೆ, ದಾರಿಯಲ್ಲಿ ಮನುಷ್ಯರು ಹೋಗುತ್ತಿದ್ದಾರೆ. ಬಾಯಿ ಯಾರ ಮಾತು ಕೇಳುತ್ತದೆ?

"ಬಿಸ್ಮಿಲ್ಲಾ ತಂಗಿ! ಬಾ, ಬಾ."

"ನಿಮಗೆ ಒಳ್ಳೇದಾಗ್ಲಿ ಅಕ್ಕ. ಹೊತ್ತು ಮುಳುಗೋ ಮುಂಚೆ ಒಂದೇ ಒಂದ್ಸಲ ಸಮುದ್ರ..."

"ಬುಟ್ಟಿ ಎಲ್ಲಿ ನಿಂದು? ಬರಿಗೈಯಾ? ಅಲ್ಲಾಣೆ, ಒಂದು ಲೋಟ ಕುಡೀದೆ ಹೋದ್ರೆ ನನ್ನ ಹೆಣ..."

ಮಾತು ಹೊರಗೆ ಬಿದ್ದಮೇಲೆ ಉಮೈಮಾ ನಾಲಿಗೆ ಕಚ್ಚಿಕೊಂಡಳು. ಹುಡುಗಿ ಒಮ್ಮೆ ತಿರುವಿನ ಕಡೆ ನೋಡಿದಳು. ಆಮೇಲೆ ಮೆಲ್ಲಗೆ ಕೂತಳು. ಕರೆದವಳು ಎದ್ದು ಹೋಗುವಂತಿಲ್ಲ, ಕೂತವಳು ಲೋಟ ಬಿಟ್ಟು ಏಳುವಂತಿಲ್ಲ. ಮರಗಳ ಸಂದಿಯಲ್ಲಿ ಬೆಳಕು ಕೆಂಪಾಗಿ, ಕಂದಾಗಿ, ಆರಿಹೋಯಿತು. ಎಲ್ಲರೂ ಹೊರಡಿ ಎಂದು ಕಾವಲುಗಾರ ಸೀಟಿ ಊದಿದ.

"ಚಹ ಚೆನ್ನಾಗಿದೆ ಅಕ್ಕ" ಎಂದಳು ಹುಡುಗಿ, ಕಣ್ಣು ಒರೆಸಿಕೊಳ್ಳುತ್ತ.

ಉಮೈಮಾ ಮುಖವೆತ್ತಲಿಲ್ಲ. "ಇನ್ನರ್ಧ ಹಾಕ್ಲಾ?" ಎಂದಳು.