ಬ್ರೇಕ್ ದೀಪವನ್ನು ಒಬ್ಬನೇ ನೋಡುವ ವಿಧಾನ

ನನ್ನ ಹಸಿರು ಕಾರಿನ ವಿಷಯದಲ್ಲಿ ಯಾರ ಸಹಾಯವೂ ನನಗೆ ಬೇಡವೆಂದು ಹೋದ ಚಳಿಗಾಲದಲ್ಲೇ ಗಟ್ಟಿಯಾಗಿ ಘೋಷಿಸಿದ್ದೆ. ಕೇಳಿಸಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ, ಅದು ಬೇರೆ ಮಾತು. ಐವತ್ತು ದಾಟಿದ, ಎರಡೇ ಸೀಟಿನ ಸ್ಪೋರ್ಟ್ಸ್ ಕಾರು ಅದು. ಹೆಂಡತಿ ಹಿಲರಿ ತೀರಿಕೊಂಡ ಮೇಲೆ ಅದರಲ್ಲೂ ಒಂದು ಸೀಟು ಹೆಚ್ಚಾಗಿದೆ.

ನಮ್ಮ ಯಾರ್ಕ್‌ಷೈರಿನ ಹಳೇ ಕಾರಿನವರಲ್ಲಿ ಒಂದು ಮರ್ಯಾದೆಯಿದೆ. ದಾರಿಯಲ್ಲಿ ಇನ್ನೊಬ್ಬ ಹಳೇ ಕಾರಿನವನು ಸಿಕ್ಕರೆ ಹೆಡ್‌ಲೈಟ್ ಮಿಣುಕಿಸಿ ಕೈ ಎತ್ತಬೇಕು. ಈ ವಸಂತದಲ್ಲಿ ನಾನು ಕಾರು ಹೊರತೆಗೆದದ್ದೇ ತಡ, ಊರಿಗೆ ಊರೇ ನನಗೆ ದೀಪ ಮಿಣುಕಿಸತೊಡಗಿತು! ಹಿಂದೆ ಬಂದ ವ್ಯಾನು, ಹಾಲಿನ ಲಾರಿ, ಕೊನೆಗೆ ಹೆಣದ ಗಾಡಿ ಕೂಡ. ಕೆಲವರು ಹಾರ್ನ್ ಹೊಡೆದರು, ಒಬ್ಬಾಕೆ ಎರಡೂ ಕೈ ಬೀಸಿದಳು. ಮೂರು ಭಾನುವಾರ ನಾನು ಮಹಾರಾಜನ ಗತ್ತಿನಲ್ಲಿ ಎಲ್ಲರಿಗೂ ಕೈ ಎತ್ತುತ್ತಾ ಹೋದೆ. ವಾರವಿಡೀ ಒಂದು ನರಪಿಳ್ಳೆಯ ಜೊತೆಗೂ ಮಾತಿಲ್ಲದ ನನಗೆ ಅದೆಷ್ಟು ಹಿತವಾಗಿತ್ತೆಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ನಾಲ್ಕನೆಯ ಭಾನುವಾರ, ಗುಡ್ಡದ ಮೇಲಿನ ಚಹಾ ಗಾಡಿಯ ಬಳಿ ಒಬ್ಬ ದಪ್ಪ ಮನುಷ್ಯ ನನ್ನ ಹಿಂದೆಯೇ ಬಂದು ಕಾರು ನಿಲ್ಲಿಸಿದ. ಅಭಿಮಾನಿಯೆಂದು ಕೈ ಚಾಚಿದೆ.

“ನಾಲ್ಕು ಮೈಲಿಯಿಂದ ಲೈಟ್ ಹೊಡೀತಿದ್ದೀನಿ, ನೀವು ನೋಡಿದ್ರೆ ಟಾಟಾ ಮಾಡ್ತಿದ್ದೀರಲ್ಲ ಸ್ವಾಮಿ! ನಿಮ್ಮ ಬ್ರೇಕ್ ಲೈಟು ಹತ್ತೋದೇ ಇಲ್ಲ. ಎರಡು ಸಲ ಗುದ್ದೋದು ಸ್ವಲ್ಪದರಲ್ಲಿ ತಪ್ತು.”

ಅಂದರೆ ಇಷ್ಟು ದಿನ ಯಾರೂ ನನ್ನನ್ನು ಮಾತಾಡಿಸಿರಲಿಲ್ಲ. ಎಲ್ಲರೂ ಬೈಯುತ್ತಿದ್ದರು.

ಮಾರನೆಯ ದಿನ ಬೆಳಿಗ್ಗೆ, ಮೋಡ ಕವಿದ ಆಕಾಶದಡಿ, ಮನೆಯ ಪಕ್ಕದಲ್ಲೇ ರಿಪೇರಿಗೆ ಇಳಿದೆ. ಬ್ರೇಕ್ ದೀಪದಲ್ಲೊಂದು ಅನ್ಯಾಯವಿದೆ. ಪೆಡಲ್ ಮುಂದೆ, ದೀಪ ಹಿಂದೆ. ಒಬ್ಬರು ಒತ್ತಬೇಕು, ಇನ್ನೊಬ್ಬರು ನೋಡಬೇಕು. ಮೂವತ್ತೊಂದು ವರ್ಷ ಒತ್ತಿದವಳು ಹಿಲರಿ. ಈಗ ಆ ಜಾಗಕ್ಕೆ ಪೊರಕೆಯ ಕೋಲನ್ನು ನೇಮಿಸಿಕೊಂಡೆ. ಅದನ್ನು ಸೀಟಿಗೂ ಪೆಡಲಿಗೂ ನಡುವೆ ಸಿಕ್ಕಿಸಿ ಹಿಂದಕ್ಕೆ ಓಡಿದೆ. ಕತ್ತಲು.

ಫ್ಯೂಸ್ ತೆಗೆದೆ, ತುದಿಗೆ ಕಿಲುಬು ಹಿಡಿದಿತ್ತು. ಉಜ್ಜಿ ಹಾಕಿದೆ. ಕೋಲು, ಓಟ, ಕತ್ತಲು! ಬಲ್ಬು ಬದಲಿಸಿದೆ. ಕೋಲು, ಓಟ, ಕತ್ತಲು! ಡಿಕ್ಕಿಯ ಹಾಸು ಕಿತ್ತು ತಂತಿಗಳ ತುಕ್ಕು ಕೆರೆದೆ, ಪೆಡಲಿನ ಸ್ವಿಚ್ಚು ಹೊಸದು ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ಹುಲ್ಲಿನ ಮೇಲೆ ಗುಜರಿ ಅಂಗಡಿಯೇ ಎದ್ದಿತ್ತು. ಇಪ್ಪತ್ತನೆಯ ಸಲವೋ ಏನೋ, ಕೋಲು ಜಾರಿ ಸ್ಟಿಯರಿಂಗಿನ ನಡುವಿನ ಹಾರ್ನಿಗೆ ಸಿಕ್ಕಿಕೊಂಡಿತು. ಇಡೀ ಬೀದಿಗೆ ಕೇಳುವಂತೆ ಕಾರು ಗೋಳಿಡತೊಡಗಿತು.

ನಾನು ಕೋಲು ಕಿತ್ತು ಹಾರ್ನ್ ನಿಲ್ಲಿಸುವಷ್ಟರಲ್ಲಿ ಪಕ್ಕದ ಮನೆಯ ಮಿಸೆಸ್ ಓಲ್ಡ್‌ರಾಯ್ಡ್ ಗೋಡೆಯ ಮೇಲಿಂದ ಇಣುಕಿದರು. ಗಂಡನನ್ನು ಕಳೆದುಕೊಂಡು ಆರು ವರ್ಷವಾದ ಹೆಂಗಸು. ಹಿಲರಿಯನ್ನು ಮಣ್ಣು ಮಾಡಿದ ದಿನ ನನಗೆಂದು ಬಿಸಿಬಿಸಿ ಪೈ ಬೇಯಿಸಿ ತಂದುಕೊಟ್ಟಿದ್ದರು. ನಾನು ತಟ್ಟೆ ತೊಳೆದು, ಬಾಗಿಲು ತಟ್ಟದೆ, ಅವರ ಮೆಟ್ಟಿಲ ಮೇಲಿಟ್ಟು ಕಳ್ಳನ ಹಾಗೆ ಓಡಿ ಬಂದಿದ್ದೆ. ಅಲ್ಲಿಂದ ಹದಿನಾಲ್ಕು ತಿಂಗಳು ಮಾತಿಲ್ಲ. ಜಗಳವೇನೂ ಇರಲಿಲ್ಲ, ಮಾತು ಶುರು ಮಾಡುವುದು ಹೇಗೆಂದು ನನಗೆ ತಿಳಿದಿರಲಿಲ್ಲ.

“ಯಾರನ್ನ ಕರೀತಿದ್ದೀರಿ, ಮಿಸ್ಟರ್ ಸಗ್ಡನ್?”

ಯಾರನ್ನೂ ಇಲ್ಲ ಎಂದೆ. ಆಮೇಲೆ ಎಲ್ಲಿಂದ ಧೈರ್ಯ ಬಂತೋ, ಒಂದೇ ಒಂದು ನಿಮಿಷ ಬ್ರೇಕ್ ಒತ್ತಿಕೊಡುತ್ತೀರಾ ಎಂದು ಕೇಳಿಯೇಬಿಟ್ಟೆ.

ಅವರು ಅಡಿಗೆಯ ಏಪ್ರನ್ನಿನಲ್ಲೇ ಬಂದು, ಆ ತಗ್ಗು ಸೀಟಿಗೆ ಉಸ್ಸೆಂದು ಇಳಿದರು. ಕೂತವರೇ ಕೇಳಿದರು, “ಕೀ ಎಲ್ಲಿ?”

ಕೀ ನನ್ನ ಜೇಬಿನಲ್ಲಿತ್ತು! ನಿಲ್ಲಿಸಿದ ಕಾರಿನಲ್ಲಿ ಕೀ ಬಿಡಬಾರದೆಂಬುದು ಹಿಲರಿಯ ಕಟ್ಟಪ್ಪಣೆ. ಕೀ ತಿರುಗಿಸದೆ ಈ ಕಾರಿನ ಬ್ರೇಕ್ ದೀಪ ಯಾರಪ್ಪ ಬಂದರೂ ಹತ್ತುವುದಿಲ್ಲ. ಹಾರ್ನಿಗೆ ಮಾತ್ರ ಕೀ ಬೇಡ. ಅಂದರೆ ಫ್ಯೂಸಿನ ಕಿಲುಬು ಉಜ್ಜಿದಾಗಲೇ ರೋಗ ವಾಸಿಯಾಗಿದ್ದಿರಬೇಕು. ಆಮೇಲಿನ ಐದು ಗಂಟೆ ನಾನು ಗಟ್ಟಿಮುಟ್ಟಾದ ರೋಗಿಯ ಹೊಟ್ಟೆ ಕೊಯ್ಯುತ್ತಿದ್ದೆ.

ಕೀ ಕೊಟ್ಟು ಹಿಂದಕ್ಕೆ ಓಡಿದೆ. ಅವರು ಅದನ್ನು ತಿರುಗಿಸಿ ಒತ್ತಿದರು. ಎರಡೂ ದೀಪ ಕೆಂಪಗೆ ಹತ್ತಿದವು.

“ಹತ್ತಿತಾ?”

ಹತ್ತಿತು ಎಂದರೆ ಅವರು ಇಳಿದು ಮನೆಗೆ ಹೋಗುತ್ತಾರೆ. ನಾನು ಒಳಗೆ ಹೋಗಿ ಒಂದು ಕಪ್ ಚಹಾ ಕಾಯಿಸಿಕೊಳ್ಳಬೇಕು.

“ಇಲ್ಲ, ಇನ್ನೊಂದ್ಸಲ ಒತ್ತಿ” ಎಂದೆ.

ಒತ್ತಿದರು. ಎಡಗಡೆಯದು ಯಾಕೋ ಮಂಕು ಎಂದೆ. ಮತ್ತೆ ಒತ್ತಿದರು. ಒತ್ತುತ್ತಲೇ ತಮ್ಮ ಮಂಡಿನೋವು, ಗಂಡನ ಹಳೇ ವ್ಯಾನು, ಹಿಂದೊಮ್ಮೆ ಹಿಲರಿ ಗೋಡೆಯಾಚೆಯಿಂದ ನನ್ನ ಗೊರಕೆಯನ್ನು ಅಣಕಿಸಿ ತೋರಿಸಿದ್ದು, ಎಲ್ಲ ಹೇಳಿದರು. ಅದು ನನಗೆ ಗೊತ್ತೇ ಇರಲಿಲ್ಲ. ಹಿಲರಿಯ ಬಗ್ಗೆ ಹೊಸದೊಂದು ಸಂಗತಿ, ಹದಿನಾಲ್ಕು ತಿಂಗಳ ಮೇಲೆ! ಉರಿಯುವ ದೀಪದ ಮುಂದೆ ಕುಕ್ಕರಗಾಲಲ್ಲಿ ಕೂತು, ಸುಳ್ಳಿನ ಮೇಲೆ ಸುಳ್ಳು ಹೇಳುತ್ತಾ ಕೇಳಿದೆ. ಅರ್ಧ ಗಂಟೆ ಕಳೆಯಿತು. ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡೆ. ಕೊನೆಗೆ ಮನಸ್ಸಿಲ್ಲದ ಮನಸ್ಸಿನಿಂದ, ಈಗ ಹತ್ತಿತು ನೋಡಿ ಎಂದೆ.

ಅವರು ಇಳಿಯಲಿಲ್ಲ.

“ಈ ಕನ್ನಡೀಲಿ ನಿಮ್ಮ ಅಡಿಗೆಮನೆ ಕಿಟಕಿ ಕಾಣುತ್ತೆ, ಮಿಸ್ಟರ್ ಸಗ್ಡನ್. ಮೊದಲ್ನೇ ಸಲ ಒತ್ತಿದಾಗ್ಲೇ ಅದರ ಗಾಜಲ್ಲಿ ಎರಡೂ ದೀಪ ಕಂಡ್ವು. ಇಲ್ಲಿ ಕೂತ್ರೆ ಒಬ್ಬರೇ ಒತ್ತಿ ಒಬ್ಬರೇ ನೋಡ್ಕೋಬಹುದು.”

ನನ್ನ ಕಿವಿಗಳು ಆ ದೀಪಗಳಿಗಿಂತ ಕೆಂಪಾದವು. ಎದ್ದು ನಿಲ್ಲಲೂ ಆಗದೆ, ಕೂರಲೂ ಆಗದೆ, ಕಾರಿನ ಹಿಂದೆಯೇ ಅವಿತುಕೊಂಡೆ.

ಆಮೇಲೆ ಒಳಗಿನಿಂದ ದನಿ ಬಂತು.

“ಎಡಗಡೇದು ಇನ್ನೂ ಮಂಕಾಗಿದೆ ಅನ್ಸುತ್ತೆ ನಂಗೆ. ಇನ್ನೊಂದ್ಸಲ ಒತ್ತಲಾ?”