ಶ್ರೀಮತಿ ಪಿಂಚ್‌ಬೆಕ್ ಅವರ ನಾಲ್ಕು ನಿವೃತ್ತಿಗಳು

ಇಂಗ್ಲೆಂಡಿನ ಪೂರ್ವ ಕರಾವಳಿಯ ಸ್ಕೆಲ್ಬಿ ಪುರಸಭೆಯಲ್ಲಿ ಶ್ರೀಮತಿ ನೋರಾ ಪಿಂಚ್‌ಬೆಕ್ ಅವರು ಹತ್ತು ತಿಂಗಳ ಅವಧಿಯಲ್ಲಿ ನಾಲ್ಕು ಸಲ ಸೇವೆಯಿಂದ ನಿವೃತ್ತರಾದರು. ನಾಲ್ಕೂ ಸಲ ನಿಯಮಾನುಸಾರವೇ ಆದರು.

ಅದಕ್ಕೂ ಮೊದಲು ಮೂವತ್ತೊಂದು ವರ್ಷ ಅವರು ಊರಿನ ಸಾರ್ವಜನಿಕ ಶೌಚಾಲಯಗಳ ಗುಮಾಸ್ತೆಯಾಗಿದ್ದರು. ದೇಶದ ಜನ ಯುರೋಪಿನ ಒಕ್ಕೂಟವನ್ನು ಬಿಡಬೇಕೆಂದು ಮತ ಹಾಕಿದ ಮೇಲೆ, ಪ್ರತಿ ಊರಿಗೂ ಒಬ್ಬ ಸಿದ್ಧತಾ ಅಧಿಕಾರಿ ಇರತಕ್ಕದ್ದೆಂದು ಮೇಲಿನಿಂದ ಸುತ್ತೋಲೆ ಬಂತು. ಯಾವುದಕ್ಕೆ ಸಿದ್ಧತೆ ಎಂಬುದನ್ನು ಪ್ರತ್ಯೇಕವಾಗಿ ತಿಳಿಸಲಾಗುವುದು ಎಂದೂ ಅದರಲ್ಲಿತ್ತು. ಏನಾಗುತ್ತದೋ ಯಾರಿಗೂ ಗೊತ್ತಿಲ್ಲ, ಆದರೆ ಆದಾಗ ಜನ ಮೊದಲು ಎಲ್ಲಿಗೆ ಓಡುತ್ತಾರೆಂದು ಬಲ್ಲವರು ನೋರಾ ಒಬ್ಬರೇ ಎಂದು ಪುರಸಭೆ ಅವರನ್ನೇ ಆರಿಸಿತು.

ನೇಮಕದ ಆದೇಶವನ್ನು ಬರೆದವರು ಸಿಬ್ಬಂದಿ ವಿಭಾಗದ ಕ್ರಿಸ್ಪಿನ್ ಓಲ್ಡ್‌ರಾಯ್ಡ್. ವಯಸ್ಸು ಮೂವತ್ತು, ಸೌಜನ್ಯ ಅರವತ್ತರದು. 'ದೇಶವು ಒಕ್ಕೂಟವನ್ನು ಬಿಟ್ಟ ದಿನ ಸಂಜೆ ಐದು ಗಂಟೆಗೆ ಸದರಿ ಹುದ್ದೆ ರದ್ದಾಗತಕ್ಕದ್ದು, ಸದರಿ ಅಧಿಕಾರಿಯು ನಿವೃತ್ತರಾಗತಕ್ಕದ್ದು' ಎಂದು ಅವರು ಬರೆದರು. ಬಿಡುವ ದಿನ 2019ರ ಮಾರ್ಚ್ 29 ಎಂದು ಕಾಯಿದೆಯೇ ಆಗಿತ್ತು.

ನೋರಾಗೆ ಇದು ಹಾಲು ಕುಡಿದಷ್ಟು ಸಂತೋಷವಾಯಿತು. ಲೀಡ್ಸ್‌ನಲ್ಲಿದ್ದ ಮಗಳು ಬೆತ್‌ಗೆ ಏಪ್ರಿಲ್ ಮೊದಲ ವಾರ ದಿನ ತುಂಬುತ್ತಿತ್ತು. ಚೊಚ್ಚಲ ಹೆರಿಗೆ, ಗಂಡ ಜೊತೆಗಿರಲಿಲ್ಲ. "ಬಾಣಂತನಕ್ಕೆ ನಾನೇ ಬರ್ತೀನಿ. ಆಮೇಲೆ ನೀನು ಕೆಲಸಕ್ಕೆ ಹೋಗೋವಾಗ ಮಗೂನ ನಾನೇ ನೋಡ್ಕೋತೀನಿ," ಎಂದು ನೋರಾ ಮಾತು ಕೊಟ್ಟರು.

ಹೀಗಾಗಿ, ಒಕ್ಕೂಟದಲ್ಲೇ ಇರೋಣ ಎಂದು ಮತ ಹಾಕಿದ್ದ ನೋರಾ ಬಿಡುವ ದಿನಕ್ಕಾಗಿ ಬೆರಳು ಮಡಿಚಿ ಎಣಿಸುತ್ತ ಕಾಯತೊಡಗಿದರು. ಬಿಟ್ಟುಬಿಡೋಣ ಎಂದು ಮತ ಹಾಕಿದ್ದ ಗಂಡ ವಿಲ್ಫ್, ಹೆಂಡತಿ ಲೀಡ್ಸಿಗೆ ಹೋದರೆ ಆಲೂಗಡ್ಡೆ ಬೇಯಿಸಬೇಕಾದವನು ತಾನೇ ಎಂದು ಹೊಳೆದ ಮೇಲೆ, ಇಂಥ ದೊಡ್ಡ ವಿಷಯಕ್ಕೆಲ್ಲ ಅವಸರ ಸಲ್ಲದು ಎನ್ನತೊಡಗಿದರು.

ಸಿದ್ಧತೆಯ ಕೆಲಸ ಚೆನ್ನಾಗಿಯೇ ನಡೆಯಿತು. ಒಂದು ದಿನ ಮೀನಿನ ಅಂಗಡಿಯ ಲೆನ್ ಸ್ಕ್ರಿಮ್‌ಶಾ ಏಪ್ರನ್ನಿನಲ್ಲೇ ಬಂದು ಕುರ್ಚಿಯಲ್ಲಿ ಕೂತರು.

"ನೋರಾ, ನೀವು ಮನೆಮನೆಗೆ ಸಿದ್ಧರಾಗಿ ಅಂತ ಕಾಗದ ಹಾಕಿದ್ದೀರಿ. ಯಾವುದಕ್ಕಪ್ಪಾ ಸಿದ್ಧ ಆಗ್ಲಿ?"

"ಎರಡಕ್ಕೂ."

"ಯಾವ ಎರಡು?"

"ಬಿಡೋದಕ್ಕೆ, ಬಿಡದೇ ಇರೋದಕ್ಕೆ."

ಲೆನ್ ಗಲ್ಲ ಕೆರೆದುಕೊಂಡರು. "ನಾನು ಕಾಡ್ ಮೀನು ತರಿಸ್ಲಾ ಬೇಡ್ವಾ, ಅಷ್ಟು ಹೇಳಿ ಸಾಕು."

"ತರಿಸಿ. ಆದ್ರೆ ತರಿಸಿಲ್ಲ ಅನ್ನೋ ಮನಸ್ಥಿತೀಲಿ ಇರಿ."

ಲೆನ್‌ಗೆ ನಮೂನೆಯೊಂದನ್ನು ಕೊಡಲಾಯಿತು. ಅದರಲ್ಲಿ ಮೂರು ಚೌಕಗಳಿದ್ದವು: ಸಿದ್ಧ, ಸಿದ್ಧವಿಲ್ಲ, ಸಿದ್ಧವೋ ಅಲ್ಲವೋ ತಿಳಿಯದೆ ಇರಲು ಸಿದ್ಧ. ಊರಿನ ನೂರಕ್ಕೆ ತೊಂಬತ್ತೊಂದು ಮಂದಿ ಮೂರನೆಯದಕ್ಕೆ ಗುರುತು ಹಾಕಿದ್ದರು. ಜಿಲ್ಲೆಯಲ್ಲೇ ಅತಿ ಹೆಚ್ಚು ಸಿದ್ಧವಾದ ಊರು ಎಂದು ಸ್ಕೆಲ್ಬಿಗೆ ಪ್ರಶಂಸಾಪತ್ರ ಬಂತು.

ಮಾರ್ಚ್ ಕೊನೆಯಲ್ಲಿ, ಬಿಡುವ ದಿನ ಏಪ್ರಿಲ್ 12ಕ್ಕೆ ಮುಂದೆ ಹೋಯಿತು. ಆದರೆ 29ಕ್ಕೆ ಸಭಾಂಗಣ ಗೊತ್ತುಮಾಡಿಯಾಗಿತ್ತು, ಗೊತ್ತುಮಾಡಿದ್ದನ್ನು ರದ್ದು ಮಾಡಲು ನಿಯಮವಿರಲಿಲ್ಲ. ಬೀಳ್ಕೊಡುಗೆ ನಡೆಯಿತು. ಮೇಯರ್ ಗದ್ಗದಿತರಾದರು. ಐದು ಗಂಟೆಗೆ ನೋರಾ ನಿವೃತ್ತರಾದರು, ಐದೂಕಾಲಿಗೆ ಮರುನೇಮಕದ ಆದೇಶಕ್ಕೆ ಸಹಿ ಹಾಕಿದರು. ಏಪ್ರಿಲ್ 12ರಂದು ಎರಡನೆಯ ಬೀಳ್ಕೊಡುಗೆ. ಅಷ್ಟರಲ್ಲಿ ದಿನಾಂಕ ಅಕ್ಟೋಬರ್ 31ಕ್ಕೆ ಹೋಗಿತ್ತು. ಕೇಕಿನ ಮೇಲಿನ ತಾರೀಕನ್ನು ಓಲ್ಡ್‌ರಾಯ್ಡ್ ಚಾಕುವಿನಿಂದ ನಾಜೂಕಾಗಿ ಕೆರೆದು ತೆಗೆದರು.

ಆ ವಾರ ಲೀಡ್ಸಿನಲ್ಲಿ ಮೊಮ್ಮಗಳು ಐವಿ ಹುಟ್ಟಿದಳು. ನೋರಾಗೆ ಎರಡು ದಿನದ ರಜೆ ಸಿಕ್ಕಿತು. ಮೂರನೆಯ ದಿನ ರೈಲಿನಲ್ಲಿ ವಾಪಸು ಬರುವಾಗ ಕೈಯೆಲ್ಲ ಮಗುವಿನ ಪೌಡರಿನ ವಾಸನೆ. ಸ್ಕೆಲ್ಬಿ ಬರುವವರೆಗೂ ಅವರು ಕೈಗವಸು ಹಾಕಿಕೊಳ್ಳಲಿಲ್ಲ.

"ಅಮ್ಮಾ, ನೀನು ಮಾರ್ಚ್‌ಗೆ ಅಂದೆ, ಆಮೇಲೆ ಏಪ್ರಿಲ್ ಅಂದೆ," ಎಂದಳು ಬೆತ್ ಫೋನಿನಲ್ಲಿ. "ಈಗ ಅಕ್ಟೋಬರ್ ಅಂತೀಯ. ಇವಳು ನಿನ್ನನ್ನ ಫೋನಲ್ಲೇ ನೋಡಿ ನೋಡಿ, ಅಜ್ಜಿ ಅಂದ್ರೆ ಅಂಗೈಯಗಲ ಇರೋ ಪ್ರಾಣಿ ಅನ್ಕೊಂಡಿದ್ದಾಳೆ."

"ನಾನೇನು ಮಾಡ್ಲಿ ಕಂದಾ, ಪಾರ್ಲಿಮೆಂಟು ಬಿಡ್ತಿಲ್ಲ."

"ಬೇರೆಯವರ ಅಮ್ಮಂದಿರೂ ಬರಲ್ಲ ಅಂತಾರೆ. ಆದ್ರೆ ಪಾರ್ಲಿಮೆಂಟ್ ಮೇಲೆ ಹಾಕೋದು ನೀನೊಬ್ಬಳೇ."

ಫೋನಿಟ್ಟು ನೋರಾ ಕಣ್ಣೊರೆಸಿಕೊಂಡರು. ವಿಲ್ಫ್ ತಟ್ಟೆಯಿಂದ ತಲೆಯೆತ್ತದೆ, "ಇರೋಣ ಅಂತ ಓಟು ಹಾಕ್ದೋಳು ನೀನು. ಇದ್ದೀಯಲ್ಲ, ಆಫೀಸಲ್ಲಿ," ಎಂದರು.

"ಬಿಡೋಣ ಅಂತ ಹಾಕ್ದೋರು ನೀವು. ಆ ಮೂರನೇ ಮಾಂಸದ ಪೈ ಬಿಡಿ ನೋಡೋಣ," ಎಂದು ನೋರಾ ತಟ್ಟೆ ಎತ್ತಿಕೊಂಡು ಹೋದರು.

ಅಕ್ಟೋಬರ್ 31ರ ಬೀಳ್ಕೊಡುಗೆ ಮೂರನೆಯದು; ದಿನಾಂಕ ಆಗಲೇ ಜನವರಿ 31ಕ್ಕೆ ಹೋಗಿತ್ತು. ಅಷ್ಟರಲ್ಲಿ ಊರಿಗೆ ಅದೊಂದು ವಾಡಿಕೆಯಾಗಿತ್ತು. ಒಂದು ಬಣ, 'ಹೋಗ್ತೀನಿ ಅಂದ ಮೇಲೆ ಹೋಗ್ಬೇಕು' ಎಂದು ಕಿಟಕಿಯ ಕಡೆ ನಿಂತಿತು. ಇನ್ನೊಂದು ಬಣ, 'ಪಾಪ ಇರ್ಲಿ, ಇನ್ನೊಂದ್ಸಲ ಕೇಳಿ ನೋಡೋಣ' ಎಂದು ಬಾಗಿಲ ಕಡೆ ನಿಂತಿತು. ಕೇಕಿನ ವಿಚಾರದಲ್ಲಿ ಮಾತ್ರ ಎರಡೂ ಬಣ ಒಮ್ಮತಕ್ಕೆ ಬಂದವು. ನೋರಾಗೆ ಏನು ಬೇಕೆಂದು ಯಾರೂ ಕೇಳಲಿಲ್ಲ. ಕಾರ್ಯಕ್ರಮ ಪಟ್ಟಿಯಲ್ಲಿ ಅದಿರಲಿಲ್ಲ.

ಕೊನೆಗೆ 2020ರ ಜನವರಿ 31ರ ಶುಕ್ರವಾರ ದೇಶ ನಿಜವಾಗಿಯೂ ಒಕ್ಕೂಟವನ್ನು ಬಿಟ್ಟಿತು. ನೋರಾ ಮೇಜಿನ ಖಾನೆ ಖಾಲಿ ಮಾಡಿ, ಬೀಗದಕೈ ಒಪ್ಪಿಸಿ, ಲೀಡ್ಸಿಗೆ ಟಿಕೆಟ್ ತೆಗೆಸಿ ಕೋಟು ಹಾಕಿಕೊಂಡರು. ಓಲ್ಡ್‌ರಾಯ್ಡ್ ಲಕೋಟೆ ಹಿಡಿದು ಬಂದರು.

"ಅಭಿನಂದನೆಗಳು ಮೇಡಂ. ನೀವೀಗ ನಿವೃತ್ತರು. ಸೋಮವಾರ ಒಂಬತ್ತಕ್ಕೆ ಬನ್ನಿ."

"ಯಾಕೆ?"

"ದೇಶ ಬಿಟ್ಟಿದೆ, ಆದ್ರೆ ಡಿಸೆಂಬರ್‌ವರೆಗೆ ಎಲ್ಲಾ ಹಿಂದಿನ ಹಾಗೇ ನಡೀಬೇಕು ಅಂತಾಗಿದೆ. ಪರಿವರ್ತನಾ ಅವಧಿ. ನಿಮಗೂ ಅದೇ ಅನ್ವಯ. ಕೆಲಸ, ವೇಳೆ, ಕುರ್ಚಿ ಎಲ್ಲಾ ಅದೇ. ಸಭೇಲಿ ಮಾತಾಡೋ ಹಕ್ಕು ಮಾತ್ರ ಇರಲ್ಲ, ನೀವು ಬಿಟ್ಟು ಹೋದೋರಲ್ವಾ."

"ನಾನು ಬರದಿದ್ರೆ?"

ಓಲ್ಡ್‌ರಾಯ್ಡ್ ದನಿ ತಗ್ಗಿಸಿದರು. "ಆಗ ಅದು ಒಪ್ಪಂದವಿಲ್ಲದ ನಿವೃತ್ತಿ ಆಗುತ್ತೆ ಮೇಡಂ. ಪಿಂಚಣಿ ಏನಾಗುತ್ತೋ ಯಾರಿಗೂ ಗೊತ್ತಿಲ್ಲ. ಅಂಥದ್ದಕ್ಕೆ ಸಿದ್ಧತೆ ಮಾಡಬೇಕಾದೋರು ನೀವೇ."

ನೋರಾ ಲಕೋಟೆ ತೆಗೆದುಕೊಂಡು ಸೀದಾ ರೈಲು ಹತ್ತಿ ಲೀಡ್ಸಿಗೆ ಹೋದರು. ಮಗಳು ಬೈದಳು, ಅತ್ತಳು, ಟೀ ಮಾಡಿಕೊಟ್ಟಳು. ಅವಳ ಹೆರಿಗೆ ರಜೆ ಮುಗಿದಿತ್ತು, ಸೋಮವಾರ ಅವಳೂ ಕೆಲಸಕ್ಕೆ ಹಾಜರಾಗಬೇಕಿತ್ತು. ಭಾನುವಾರ ಸಂಜೆ ನೋರಾ ಸ್ಕೆಲ್ಬಿಗೆ ಮರಳಿದಾಗ ಕಂಕುಳಲ್ಲಿ ಐವಿ ಇದ್ದಳು. ವಾರದ ದಿನಗಳಲ್ಲಿ ಅಜ್ಜಿಯ ಬಳಿ, ಶನಿವಾರ ಭಾನುವಾರ ಅಮ್ಮನ ಬಳಿ ಎಂದು ತಾಯಿ ಮಗಳು ಒಪ್ಪಂದ ಮಾಡಿಕೊಂಡಿದ್ದರು. ಅದಕ್ಕೆ ಇಪ್ಪತ್ತು ನಿಮಿಷ ಹಿಡಿದಿತ್ತು.

ಸೋಮವಾರ ಒಂಬತ್ತಕ್ಕೆ ನೋರಾ ಮಗುವಿನೊಂದಿಗೆ ಕುರ್ಚಿಯಲ್ಲಿ ಕೂತರು. ಓಲ್ಡ್‌ರಾಯ್ಡ್ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡರು.

"ಕಚೇರಿಗೆ ಮಕ್ಕಳನ್ನ ಕರೆತರೋ ಹಾಗಿಲ್ಲ ಮೇಡಂ."

"ಅದು ನೌಕರರಿಗೆ. ನಾನು ನಿವೃತ್ತೆ."

ಓಲ್ಡ್‌ರಾಯ್ಡ್ ನಿಯಮಾವಳಿಯನ್ನು ಎರಡು ದಿನ ಓದಿದರು. ಹಾಜರಿರುವ ನಿವೃತ್ತರ ಮಕ್ಕಳು ಮೊಮ್ಮಕ್ಕಳ ಬಗ್ಗೆ ಎಲ್ಲಿಯೂ ಉಲ್ಲೇಖವಿರಲಿಲ್ಲ. ಬುಧವಾರ ಅವರೇ ಒಂದು ಕಂಬಳಿ ತಂದು ನೆಲಕ್ಕೆ ಹಾಸಿದರು.

ಆ ತಿಂಗಳ ಸಾಮಾನ್ಯ ಸಭೆಯಲ್ಲಿ, ಸಿದ್ಧತಾ ಅಧಿಕಾರಿಯ ಅಗತ್ಯ ಊರಿಗೆ ಇನ್ನೂ ಇದೆಯೇ ಎಂಬ ವಿಷಯ ಚರ್ಚೆಗೆ ಬಂತು. ನೋರಾ ಮಾತನಾಡುವಂತಿರಲಿಲ್ಲ. ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತರು. ಮೇಯರ್ ಪ್ರಸ್ತಾವವನ್ನು ಓದಿ ಮುಗಿಸುತ್ತಿದ್ದಂತೆ ಐವಿ ಮೇಜು ಬಡಿದು, ತನಗೆ ಬರುತ್ತಿದ್ದ ಒಂದೇ ಮಾತನ್ನು ಗಟ್ಟಿಯಾಗಿ ಮೂರು ಸಲ ಹೇಳಿದಳು.

ನಡಾವಳಿ ಬರೆಯುತ್ತಿದ್ದ ಗುಮಾಸ್ತರು ಪೆನ್ನೆತ್ತಿ, "ಇದನ್ನು ಬರ್ಕೊಳ್ಳೋದಾ?" ಎಂದರು.

"ಐವಿ ಅವರಿಗೆ ಮಾತಾಡೋ ಹಕ್ಕಿಲ್ಲ ಅಂತ ಎಲ್ಲೂ ಇಲ್ಲ," ಎಂದರು ಓಲ್ಡ್‌ರಾಯ್ಡ್.

'ಬಾ, ಬಾ, ಬಾ' ಎಂದು ನಡಾವಳಿ ಪುಸ್ತಕದಲ್ಲಿ ದಾಖಲಾಯಿತು. ಅದು ಹುದ್ದೆಯ ಪರವೋ ವಿರೋಧವೋ ಸ್ಪಷ್ಟವಾಗದ ಕಾರಣ, ಅಭಿಪ್ರಾಯವನ್ನು ಮುಂದಿನ ಸಭೆಯಲ್ಲಿ ವಿವರವಾಗಿ ಆಲಿಸುವುದೆಂದು ಎರಡೂ ಬಣ ಸರ್ವಾನುಮತದಿಂದ ತೀರ್ಮಾನಿಸಿದವು. ಮೂವತ್ಮೂರು ವರ್ಷದಲ್ಲಿ ನೋರಾರ ಮನೆಯವರ ಮಾತೊಂದು ಆ ಪುಸ್ತಕ ಸೇರಿದ್ದು ಅದೇ ಮೊದಲು.